ಜಾಗ ಇತ್ತು, ಲೆಕ್ಕ ಮುಗಿದಿತ್ತು: ಸಿಪ್ಯಾನೆಲ್ ಜೊತೆ ಆರು ವರ್ಷ

ಬರಹ ಸೇವ್ ಆಗ್ತಿತ್ತು, ಫೋಟೊ ಮಾತ್ರ ಅಪ್‌ಲೋಡ್ ಆಗ್ತಿರಲಿಲ್ಲ. ಬ್ರೌಸರಿನಿಂದಲೇ ವೆಬ್‌ಸೈಟ್ ನೋಡಿಕೊಳ್ಳೋ ಸಾಧನ ಸಿಪ್ಯಾನೆಲ್; ಅದರ ಈ ವಿಮರ್ಶೆ ಬರೆಯೋಕೆ ಕೂತಿದ್ದೇ ಆ ಒಂದು ಸಂಜೆಯ ಸಿಟ್ಟಿಗೆ. ಆದರೆ ಆರು ವರ್ಷ ಬಳಸಿದ್ದನ್ನ ಒಂದು ಸಂಜೆಯಿಂದ ಅಳೆಯೋದು ತಪ್ಪಾಗುತ್ತೆ, ಅದಕ್ಕೇ ಮೊದಲಿಂದ ಹೇಳ್ತೀನಿ.

ನನ್ನದು ಹಕ್ಕಿ ಫೋಟೊಗಳ ವರ್ಡ್‌ಪ್ರೆಸ್ ಸೈಟ್. ಅದೇ ಅಕೌಂಟಿನಲ್ಲಿ ಇಬ್ಬರು ಗೆಳೆಯರ ಪುಟ್ಟ ಸೈಟುಗಳೂ ಇವೆ. ಒಂದು ಪೈಸೆ ಸಂಪಾದನೆ ಇಲ್ಲದ ಕೆಲಸಕ್ಕೆ ಸ್ವಂತ ಸರ್ವರ್ ಇಟ್ಟುಕೊಳ್ಳುವಷ್ಟು ದುಡ್ಡಿಲ್ಲ, ಅದು ನಡುರಾತ್ರಿ ಮಲಗಿದರೆ ಎದ್ದು ಎಬ್ಬಿಸುವ ತಾಳ್ಮೆಯೂ ಇಲ್ಲ. ಹಾಗಾಗಿ ಒಂದೇ ಸರ್ವರನ್ನ ಹಲವರು ಹಂಚಿಕೊಳ್ಳೋ ಶೇರ್ಡ್ ಹೋಸ್ಟಿಂಗ್, ಅದರಲ್ಲೂ ಕೆಳಗಿನಿಂದ ಎರಡನೇ ಪ್ಲಾನ್. ಹೋಸ್ಟಿಂಗ್ ಕಂಪನಿಯ ಹೆಸರು ಬೇಡ. ಅವರು ಕೈಗೆ ಕೊಟ್ಟ ಕಂಟ್ರೋಲ್ ಪ್ಯಾನೆಲ್ ಸಿಪ್ಯಾನೆಲ್, 1996ರಿಂದ ಇರುವ ಹಳೇ ಕುಳ. ಏನೇನು ಐಕಾನ್ ಇದೆ ಅನ್ನೋ ಪಟ್ಟಿ ಎಲ್ಲಾ ಕಡೆ ಸಿಗುತ್ತೆ, ಇಲ್ಲಿ ಮತ್ತೆ ಬರೆಯಲ್ಲ.

ನನಗೆ ಶನಿವಾರ ಬೆಳಿಗ್ಗೆ ಅಂದರೆ ಪ್ಯಾನೆಲ್. ಡೊಮೇನ್ ಹೆಸರಿನ ಮುಂದೆ 2083 ಅಂತ ಪೋರ್ಟ್ ನಂಬರ್ ಹೊಡೆದು ಲಾಗಿನ್ ಆಗ್ತೀನಿ. ಬುಕ್‌ಮಾರ್ಕ್ ಮಾಡಬಹುದು, ಮಾಡಿಲ್ಲ; ಬೆರಳಿಗೆ ಅಭ್ಯಾಸ ಆಗಿಬಿಟ್ಟಿದೆ. ಬಲಗಡೆ ಡಿಸ್ಕ್ ಎಷ್ಟಾಯಿತು ಅಂತ ನೋಡೋದು, ಮೂರೂ ಡೇಟಾಬೇಸ್ ಒಂದೊಂದಾಗಿ ಬ್ಯಾಕಪ್ ಇಳಿಸಿಕೊಳ್ಳೋದು, ಫೈಲ್ ಮ್ಯಾನೇಜರ್ ತೆರೆದು ಕಸದ ಬುಟ್ಟಿ ಖಾಲಿ ಮಾಡೋದು. ಈ ಬುಟ್ಟಿ ವಿಷಯ ಹೊಸಬರಿಗೆ ಗೊತ್ತಿರಲ್ಲ. ಫೈಲ್ ಅಳಿಸಿದರೆ ಅದು ಡಾಟ್ ಟ್ರ್ಯಾಶ್ ಅನ್ನೋ ಫೋಲ್ಡರಿಗೆ ಹೋಗಿ ಕೂರುತ್ತೆ, ಅಲ್ಲಿಂದ ತೆಗೆಯೋ ತನಕ ನಿಮ್ಮ ಲೆಕ್ಕದಲ್ಲೇ ಇರುತ್ತೆ. ಇನ್ನೊಂದು: ಫುಲ್ ಬ್ಯಾಕಪ್ ಇಳಿಸಿಕೊಂಡೆ ಅಂತ ನೆಮ್ಮದಿಯಾಗಿ ಮಲಗಬೇಡಿ. ಅದನ್ನ ನೀವೇ ಪ್ಯಾನೆಲ್‌ನಿಂದ ವಾಪಸ್ ಏರಿಸೋಕೆ ಆಗಲ್ಲ, ಹೋಸ್ಟ್‌ನವರೇ ಏರಿಸಿಕೊಡಬೇಕು. ಹೋಮ್ ಡೈರೆಕ್ಟರಿ (ಅಕೌಂಟಿನ ಫೈಲುಗಳೆಲ್ಲ ಇರೋ ಮೂಲ ಫೋಲ್ಡರ್) ಮತ್ತು ಡೇಟಾಬೇಸ್ ಬೇರೆ ಬೇರೆ ಇಳಿಸಿಟ್ಟರೆ ನಿಮ್ಮ ಕೈಲೇ ಆಗುತ್ತೆ.

ಎಲ್ಲಕ್ಕಿಂತ ಇಷ್ಟವಾದದ್ದು ಫೈಲ್ ಮ್ಯಾನೇಜರ್. ಒಂದ್ಸಲ ಬಸ್ಸಿನಲ್ಲಿದ್ದಾಗ ಗೆಳೆಯನ ಫೋನ್ ಬಂತು. "ಪ್ಲಗಿನ್ ಅಪ್‌ಡೇಟ್ ಕೊಟ್ಟೆ ಕಣೋ, ಸೈಟ್ ಪೂರ್ತಿ ಬಿಳಿ ಆಗೋಯ್ತು, ಲಾಗಿನ್ ಪೇಜೂ ಬರ್ತಿಲ್ಲ." ಮೊಬೈಲಿನಲ್ಲೇ ಪ್ಯಾನೆಲ್ ತೆರೆದೆ. ಅವನ ಸೈಟಿನ ಫೋಲ್ಡರ್ ಒಳಗೆ ಹೋಗಿ ಪ್ಲಗಿನ್ಸ್ (ವರ್ಡ್‌ಪ್ರೆಸ್ಸಿಗೆ ಸೇರಿಸೋ ಹೆಚ್ಚುವರಿ ತುಣುಕುಗಳು) ಫೋಲ್ಡರಿನ ಹೆಸರಿಗೆ ಕೊನೆಯಲ್ಲಿ ಒಂದು 'ಎಕ್ಸ್' ಸೇರಿಸಿದೆ. ಆ ಹೆಸರಿನ ಫೋಲ್ಡರ್ ಕಾಣದೇ ಹೋದರೆ ವರ್ಡ್‌ಪ್ರೆಸ್ ಎಲ್ಲಾ ಪ್ಲಗಿನ್‌ಗಳನ್ನೂ ಬದಿಗಿಟ್ಟು ಎದ್ದು ನಿಲ್ಲುತ್ತೆ. ಎದ್ದಿತು. ಹೆಸರು ವಾಪಸ್ ಸರಿ ಮಾಡಿ, ಕೆಟ್ಟ ಪ್ಲಗಿನ್ ಒಂದನ್ನೇ ಕಿತ್ತುಹಾಕಿದೆ. ಇಳಿಯೋ ಸ್ಟಾಪ್ ಇನ್ನೂ ಬಂದಿರಲಿಲ್ಲ. ಅವನಿಗೆ ನಾನು ಇವತ್ತಿಗೂ ದೊಡ್ಡ ಇಂಜಿನಿಯರ್.

ಉಳಿದದ್ದು ಬೇಗ ಹೇಳಿಬಿಡ್ತೀನಿ. ಸೈಟಿನ ವಿಳಾಸಕ್ಕೆ https ಭದ್ರತೆ ಕೊಡೋ ಎಸ್‌ಎಸ್‌ಎಲ್ ಚಿಂತೆ ಇಲ್ಲ. 90 ದಿನದ ಸರ್ಟಿಫಿಕೇಟ್, ಮುಗಿಯೋ ಮುಂಚೆ ಆಟೋಎಸ್‌ಎಸ್‌ಎಲ್ ತಾನೇ ಹೊಸದು ಹಾಕುತ್ತೆ. ಡಿಎನ್‌ಎಸ್ (ಡೊಮೇನ್ ಹೆಸರು ಯಾವ ಸರ್ವರಿಗೆ ಹೋಗಬೇಕು ಅನ್ನೋ ದಾಖಲೆ) ಬದಲಾಯಿಸೋ ಹಿಂದಿನ ದಿನವೇ ಜೋನ್ ಎಡಿಟರಿನಲ್ಲಿ 14400 ಸೆಕೆಂಡ್ ಅಂತ ಇರೋ ಟಿಟಿಎಲ್ (ಹಳೇ ದಾಖಲೆಯನ್ನ ಬೇರೆಯವರು ನೆನಪಿಟ್ಟುಕೊಳ್ಳೋ ಅವಧಿ) ಅನ್ನು 300ಕ್ಕೆ ಇಳಿಸಿ, ಇಲ್ಲದಿದ್ದರೆ ನಾಲ್ಕು ಗಂಟೆ ಉಗುರು ಕಚ್ಚಿಕೊಂಡು ಕೂರಬೇಕು. ಪ್ಯಾನೆಲ್‌ನ ಹಳೇ ಪೇಪರ್ ಲ್ಯಾಂಟರ್ನ್ ಥೀಮ್ ಹೋಗಿ ಜುಪಿಟರ್ ಬಂದಾಗ ಒಂದು ವಾರ ಗೊಣಗಿದೆ, ಆಮೇಲೆ ಹಳೇದು ಹೇಗಿತ್ತು ಅನ್ನೋದೇ ಮರೆತುಹೋಯಿತು.

ಈಗ ಆ ಸಂಜೆಗೆ ಬರೋಣ.

ಮಿಂಚುಳ್ಳಿಯ ನಾಲ್ಕು ಫೋಟೊ ಹಾಕೋಕೆ ಹೋದೆ. ಡಿಸ್ಕಿಗೆ ಬರೆಯೋಕೆ ಆಗ್ತಿಲ್ಲ ಅಂತ ಎರರ್. ಬಲಗಡೆ ನೋಡಿದರೆ ಡಿಸ್ಕ್ ಅರ್ಧವೂ ತುಂಬಿಲ್ಲ. ಪರ್ಮಿಷನ್ ನೋಡಿದೆ, ಪಿಎಚ್‌ಪಿ ಮಿತಿ ನೋಡಿದೆ, ಎಲ್ಲಾ ಸರಿ. ಬರೀ ಬರಹ ಹಾಕಿದರೆ ಸೇವ್ ಆಗುತ್ತೆ. ಅಷ್ಟರಲ್ಲಿ ಇನ್ನೊಬ್ಬ ಗೆಳೆಯ, "ನಿಂಗೆ ಮೇಲ್ ಕಳ್ಸಿದ್ರೆ ವಾಪಸ್ ಬರ್ತಿದೆ ಮಾರಾಯ" ಅಂದ.

ಹೋಸ್ಟ್‌ನವರ ಚಾಟಿಗೆ ಹೋದೆ. ನಲವತ್ತು ನಿಮಿಷ ಕಾದಮೇಲೆ ಬಂದ ಉತ್ತರ: "ಸರ್, ನಿಮ್ಮ ಐನೋಡ್ ಮುಗಿದಿದೆ. ಪ್ಲಾನ್ ಅಪ್‌ಗ್ರೇಡ್ ಮಾಡಿಕೊಳ್ಳಿ ಸರ್." ಯಾವ ಫೋಲ್ಡರಿನಲ್ಲಿ ತುಂಬಿದೆ ಅಂತ ಕೇಳಿದೆ. ಮತ್ತೆ ಅದೇ, ಅಪ್‌ಗ್ರೇಡ್ ಲಿಂಕ್.

ಐನೋಡ್ ಅಂದರೆ ಸರಳವಾಗಿ, ಫೈಲುಗಳ ತಲೆ ಎಣಿಕೆ. ಹತ್ತು ಜಿಬಿಯ ಫೈಲಿಗೂ ಒಂದೇ, ಏನೂ ಇಲ್ಲದ ಖಾಲಿ ಫೈಲಿಗೂ ಒಂದೇ, ಪ್ರತಿ ಫೋಲ್ಡರಿಗೂ ಒಂದು. ನನ್ನ ಪ್ಲಾನಿಗೆ 2,50,000. ಕೊಳ್ಳುವ ಪುಟದಲ್ಲಿ 'ಅನ್‌ಲಿಮಿಟೆಡ್' ಅಂತ ದಪ್ಪಕ್ಷರದಲ್ಲಿದೆ, ಈ ಅಂಕಿ ಷರತ್ತುಗಳ ಪುಟದ ಹೊಟ್ಟೆಯೊಳಗಿದೆ. ಬರಹ ಯಾಕೆ ಸೇವ್ ಆಗ್ತಿತ್ತು ಅನ್ನೋದೂ ಆಗ ಹೊಳೆಯಿತು: ಬರಹ ಡೇಟಾಬೇಸಿನಲ್ಲಿ ಒಂದು ಸಾಲು, ಆ ಡೇಟಾಬೇಸ್ ಫೈಲುಗಳು ನನ್ನ ಹೆಸರಿನಲ್ಲಿಲ್ಲ. ಫೋಟೊ ಹಾಗಲ್ಲ. 2019ರಲ್ಲಿ ಬಂದ ವರ್ಡ್‌ಪ್ರೆಸ್ 5.3 ನಂತರ ದೊಡ್ಡ ಫೋಟೊ ಒಂದು ಹಾಕಿದರೆ ಮೂಲ ಪ್ರತಿ, 2560 ಪಿಕ್ಸೆಲ್‌ಗೆ ಇಳಿಸಿದ ಪ್ರತಿ, ಆಮೇಲೆ ಆರು ಅಳತೆಯ ಮರಿಗಳು, ಒಟ್ಟು ಎಂಟು ಫೈಲ್. ನನ್ನ ಹತ್ತಿರ ಸುಮಾರು 11,000 ಫೋಟೊ ಇವೆ. ಅಲ್ಲಿಗೆ 88,000. ಸರಿ, ಉಳಿದದ್ದು ಎಲ್ಲಿ?

ಕಮಾಂಡ್ ಟೈಪ್ ಮಾಡೋ ಟರ್ಮಿನಲ್ ಐಕಾನ್ ಇದ್ದಿದ್ದರೆ ಒಂದು ನಿಮಿಷದ ಕೆಲಸ. ಅದನ್ನ ನಮ್ಮ ಹೋಸ್ಟ್‌ನವರು ಮುಚ್ಚಿಟ್ಟಿದ್ದಾರೆ. ಯಾವ ಐಕಾನ್ ತೋರಿಸಬೇಕು ಅನ್ನೋದು ಅವರ ಕೈಯಲ್ಲಿರುತ್ತೆ. ಫೈಲ್ ಮ್ಯಾನೇಜರ್ ನನಗೆ ಯಾವಾಗಲೂ ನೇರ ಸೈಟಿನ ಫೈಲುಗಳಿರೋ ಪಬ್ಲಿಕ್ ಎಚ್‌ಟಿಎಂಎಲ್ ಫೋಲ್ಡರಿನಲ್ಲೇ ತೆರೆಯೋ ಹಾಗೆ ಸೆಟ್ ಮಾಡಿಕೊಂಡಿದ್ದೆ. ಅವತ್ತು ಮೊದಲ ಸಲ ಒಂದು ಮೆಟ್ಟಿಲು ಮೇಲೆ, ಹೋಮ್‌ಗೆ ಹೋದೆ. ಬ್ರೌಸರ್ ಸ್ತಬ್ಧವಾಯಿತು. ಬಹಳ ಹೊತ್ತಿನ ಮೇಲೆ ಪಟ್ಟಿ ಬಂತು: ಡಬ್ಲ್ಯುಪಿ-ಕ್ರಾನ್ ಡಾಟ್ ಪಿಎಚ್‌ಪಿ ಡಾಟ್ 1, ಡಾಟ್ 2, ಡಾಟ್ 3... ಪ್ರತಿಯೊಂದೂ 0 ಬೈಟ್. ಕೆಳಗೆ ಎಳೆದಷ್ಟೂ ಅದೇ.

ಕಳ್ಳ ನಾನೇ. ಮೂರು ವರ್ಷದ ಹಿಂದೆ ವರ್ಡ್‌ಪ್ರೆಸ್ಸಿನ ಒಳಗಿನ ಕ್ರಾನ್ (ಹೊತ್ತಿಗೆ ಸರಿಯಾಗಿ ತಾನೇ ಕೆಲಸ ಓಡಿಸೋ ವ್ಯವಸ್ಥೆ) ನಿಲ್ಲಿಸಿ, ಪ್ಯಾನೆಲ್‌ನಲ್ಲಿ ಅರ್ಧ ಗಂಟೆಗೊಮ್ಮೆ ಓಡುವ ಕ್ರಾನ್ ಜಾಬ್ ಹಾಕಿದ್ದೆ. ಬರೀ 'ಡಬ್ಲ್ಯುಗೆಟ್' ಅನ್ನೋ, ಪುಟ ತರೋ ಕಮಾಂಡ್ ಮತ್ತು ವಿಳಾಸ, ಅಷ್ಟೇ. ಡಬ್ಲ್ಯುಗೆಟ್ ತಂದದ್ದನ್ನ ಫೈಲ್ ಮಾಡಿ ಉಳಿಸಿಕೊಳ್ಳುತ್ತೆ. ಬಂದ ಉತ್ತರ ಖಾಲಿ, ಆದ್ದರಿಂದ ಖಾಲಿ ಫೈಲ್. ಮೇಲಾಗಿ ಅದು ಪರದೆಗೆ ಹೇಳೋ ಮಾತನ್ನೆಲ್ಲ ಕ್ರಾನ್ ಒಂದು ಮೇಲ್ ಮಾಡಿ ಅಕೌಂಟಿನ ಡೀಫಾಲ್ಟ್ ಮೇಲ್‌ಬಾಕ್ಸಿಗೆ ಹಾಕುತ್ತೆ. ಆ ಡಬ್ಬಿ ನಾನು ಯಾವತ್ತೂ ತೆರೆದಿರಲಿಲ್ಲ. ಅಲ್ಲಿ ಒಂದು ಮೇಲ್ ಅಂದರೂ ಒಂದು ಫೈಲ್. ದಿನಕ್ಕೆ 48 ಓಟ, ಓಟಕ್ಕೆ ಎರಡು ಫೈಲ್, ಮೂರು ವರ್ಷಕ್ಕೆ 1,05,120. ಮಿಕ್ಕದ್ದು ಕ್ಯಾಷ್ (ಸೈಟ್ ಬೇಗ ತೆರೆಯಲಿ ಅಂತ ಉಳಿಸಿಟ್ಟ ತಾತ್ಕಾಲಿಕ ಪ್ರತಿಗಳು) ಮತ್ತು ಗೆಳೆಯರ ಸೈಟುಗಳು. ಇಷ್ಟಕ್ಕೂ 'ಫೈಲ್ ಯೂಸೇಜ್' ಅನ್ನೋ ಸಾಲು ಅದೇ ಬಲಗಡೆಯ ಪಟ್ಟಿಯಲ್ಲಿ, ಡಿಸ್ಕ್ ಲೆಕ್ಕದ ಕೆಳಗೇ ಇತ್ತು. ಆರು ವರ್ಷ ಶನಿವಾರ ಶನಿವಾರ ನೋಡಿದ್ದು ಮೇಲಿನ ಸಾಲು ಮಾತ್ರ.

ನನ್ನ ಸಿಟ್ಟು ಇಳಿದದ್ದು ಬಿಡಿಸಿಕೊಂಡ ರೀತಿಯಿಂದ. ಮೊದಲು ಕ್ಯಾಷ್ ಫೋಲ್ಡರ್ ಅಳಿಸಿ ಉಸಿರಾಡುವಷ್ಟು ಜಾಗ ಮಾಡಿಕೊಂಡೆ. ಟರ್ಮಿನಲ್ ಇಲ್ಲದಿದ್ದರೇನು, ಕ್ರಾನ್ ಇದೆಯಲ್ಲ! ಆ ಹೆಸರಿನ ಖಾಲಿ ಫೈಲುಗಳನ್ನು ಹುಡುಕಿ ಎಣಿಸುವ ಕಮಾಂಡನ್ನ ಒಂದೇ ಸಲ ಓಡುವ ಹಾಗೆ ಹಾಕಿದೆ. ಎಣಿಕೆ ಮೇಲ್‌ನಲ್ಲಿ ಬಂತು, ಅದೇ ಡಬ್ಬಿಗೆ. ಸರಿಯಾದದ್ದನ್ನೇ ಹಿಡಿದಿದೆ ಅಂತ ಖಾತ್ರಿ ಆದಮೇಲೆ 'ಡಿಲೀಟ್' ಸೇರಿಸಿ ಇನ್ನೊಮ್ಮೆ ಓಡಿಸಿದೆ. ದಯವಿಟ್ಟು ಎಣಿಸದೆ ಅಳಿಸೋಕೆ ಹೋಗಬೇಡಿ. ಒಂದು ಚುಕ್ಕಿ ತಪ್ಪಿದರೆ ಸೈಟೇ ಹೋಗುತ್ತೆ. ಮೇಲ್‌ಗಳಿಗೆ 'ಇಮೇಲ್ ಡಿಸ್ಕ್ ಯೂಸೇಜ್' ಅಂತ ಒಂದು ಐಕಾನ್ ಇದೆ, ನಾನು ಒಮ್ಮೆಯೂ ಒತ್ತಿರಲಿಲ್ಲ. ಡಬ್ಬಿ ಆರಿಸಿ 'ಎಲ್ಲಾ ಮೇಲ್' ಅಂದೆ, ಒಂದೇ ಏಟಿಗೆ ಹೋಯಿತು. ಕೊನೆಗೆ ಕ್ರಾನ್ ಸಾಲಿನಲ್ಲಿ ಡಬ್ಲ್ಯುಗೆಟ್‌ಗೆ '-O /dev/null' ಸೇರಿಸಿ ತಂದದ್ದನ್ನ ಡೆವ್-ನಲ್‌ಗೆ (ಹಾಕಿದ್ದೆಲ್ಲ ಮಾಯವಾಗೋ ಗುಂಡಿ) ಕಳಿಸಿದೆ, ಪರದೆಗೆ ಹೇಳೋ ಮಾತೂ ಅಲ್ಲಿಗೇ ಹೋಗೋ ಹಾಗೆ '>/dev/null 2>&1' ಅಂತ ಬಾಲ ಅಂಟಿಸಿದೆ.

ಯಾರಿಗೆ ಸರಿ ಅಂದರೆ, ನನ್ನಂಥವರಿಗೆ: ಎರಡು ಮೂರು ಸೈಟ್, ಕಮಾಂಡ್ ಲೈನ್ ಅರೆಬರೆ ಗೊತ್ತು, ವಾರಕ್ಕೊಂದು ಗಂಟೆ ಕೊಡಬಲ್ಲವರು. 2019ರಲ್ಲಿ ಸಿಪ್ಯಾನೆಲ್ ಲೈಸೆನ್ಸ್ ದರ ಅಕೌಂಟ್‌ಗಳ ಸಂಖ್ಯೆಯ ಲೆಕ್ಕಕ್ಕೆ ಬದಲಾದಾಗಿನಿಂದ ಕೆಲವು ಹೋಸ್ಟ್‌ಗಳು ಬೇರೆ ಪ್ಯಾನೆಲ್ ಕೊಡ್ತಿವೆ. ಹೊಸದಾಗಿ ಕೊಳ್ಳೋರು ಪ್ಯಾನೆಲ್ ಯಾವುದು ಅನ್ನೋದಕ್ಕಿಂತ ಐನೋಡ್ ಎಷ್ಟು, ಟರ್ಮಿನಲ್ ಕೊಡ್ತೀರಾ ಅಂತ ಮೊದಲು ಕೇಳಿ. ಐದಕ್ಕೆ ಪ್ಯಾನೆಲ್‌ಗೆ ನಾಲ್ಕು ಕೊಡ್ತೀನಿ, ನನ್ನ ಹೋಸ್ಟ್‌ಗೆ ಎರಡು. ಅಪ್‌ಗ್ರೇಡ್ ಮಾಡಲಿಲ್ಲ.

ಇದನ್ನ ಬರೆಯೋ ಮುಂಚೆ ಒಂದ್ಸಲ ನೋಡಿ ಬಂದೆ. ಫೈಲ್ ಯೂಸೇಜ್ 1,38,412, ಹೋದ ಶನಿವಾರಕ್ಕಿಂತ 640 ಜಾಸ್ತಿ. ಈ ವಾರ 80 ಫೋಟೊ ಹಾಕಿದ್ದೆ.