‘ಪಾಲಕತ್ವ ಪತ್ರ’ ಎಂದು ಮನೆಗೆ ಕಾಗದ ತಂದರೆ ಸಹಿ ಹಾಕಬೇಡಿ

ವಿರಾಜಪೇಟೆ, ಪೊನ್ನಂಪೇಟೆ ಕಡೆಯಲ್ಲಿ ಒಬ್ಬರೇ ತೋಟ ನೋಡಿಕೊಂಡಿರುವ ಹಿರಿಯರು, ಅದರಲ್ಲೂ ಮಕ್ಕಳಿಲ್ಲದವರು ಅಥವಾ ಮಕ್ಕಳು ದೂರದೇಶದಲ್ಲಿರುವವರು, ದಯವಿಟ್ಟು ಇದನ್ನು ಪೂರ್ತಿ ಓದಬೇಕು. ಮನೆಯ ವಿಷಯವನ್ನು ಹೀಗೆ ಬಯಲಿಗೆ ತರುವುದು ನನಗೆ ಹಿಡಿಸುವ ಕೆಲಸವಲ್ಲ. ನಮ್ಮ ಕಡೆ ಒಂದು ಮದುವೆಗೆ ಹೋದರೆ ಅರ್ಧ ಜನ ನೆಂಟರೇ ಆಗಿರುತ್ತಾರೆ, ಇದು ಯಾರ ಮನೆಯ ಕಥೆ ಎಂಬುದು ಸಂಜೆಯೊಳಗೆ ಎಲ್ಲರಿಗೂ ತಿಳಿಯುತ್ತದೆ. ತಿಳಿಯಲಿ. ನನ್ನಿಂದ ಅಂಥ ಪತ್ರಕ್ಕೆ ಸುಳ್ಳು ಹೇಳಿ ಸಹಿ ಹಾಕಿಸಿಕೊಂಡ ಪತ್ರ ಬರಹಗಾರರು, ಅಂದರೆ ಆಸ್ತಿಯ ದಾಖಲೆ ಬರೆದುಕೊಡುವವರು, ಅಂಥದೇ ಕಾಗದವನ್ನು ಇನ್ನೊಂದು ಮನೆಗೂ ಒಯ್ದಿದ್ದಾರೆಂದು ಕೇಳಿದ ಮೇಲೆ ಸುಮ್ಮನಿರಲು ನನ್ನಿಂದಾಗಲಿಲ್ಲ.

ಮಳೆಗಾಲದಲ್ಲಿ ಕಣದ ಪಾಚಿಯ ಮೇಲೆ ಜಾರಿ ಬಿದ್ದು, ಸೊಂಟದ ಮೂಳೆ ಮುರಿದು, ಮೈಸೂರಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದಿದ್ದೆ. ಕೊಯ್ಲು ಶುರುವಾಗುವ ಮೊದಲು ಕೂಲಿ ಬಟವಾಡೆ, ಗೊಬ್ಬರ, ಬ್ಯಾಂಕಿನ ಓಡಾಟ ಇವುಗಳಿಗೆಂದು ಮೈದುನನ ಮಗನಿಗೆ ಜಿಪಿಎ, ಅಂದರೆ ನನ್ನ ಪರವಾಗಿ ವ್ಯವಹರಿಸುವ ಅಧಿಕಾರಪತ್ರ, ಕೊಡುವುದೆಂದು ಮಾತಾಯಿತು. ಅದರಲ್ಲಿ ಹೊಸತೇನೂ ಇಲ್ಲ, ಕೊಡಗಿನಲ್ಲಿ ಊರು ಬಿಟ್ಟಿರುವವರ ಎಷ್ಟೋ ತೋಟಗಳು ನಡೆಯುವುದೇ ಹಾಗೆ. ವಾಕರ್ ಹಿಡಿದು ಉಪನೋಂದಣಿ ಕಚೇರಿಗೆ ಹೋಗಿ, ಫೋಟೊ ತೆಗೆಸಿ, ಹೆಬ್ಬೆಟ್ಟು ಕೊಟ್ಟು, ಸ್ವಇಚ್ಛೆಯಿಂದಲೇ ಕೊಡುತ್ತಿದ್ದೀರಾ ಎಂಬ ಅಧಿಕಾರಿಗಳ ಪ್ರಶ್ನೆಗೆ ಹೌದೆಂದು ಉತ್ತರಿಸಿ ಬಂದೆ. ಹೊರಗೆ ಕಾರಿನಲ್ಲಿ ಕುಳಿತ ಮೇಲೆ ಪತ್ರ ಬರಹಗಾರರು ಇನ್ನೊಂದಿಷ್ಟು ಹಾಳೆಗಳನ್ನು ಕಿಟಕಿಯಿಂದ ಒಳಗೆ ಚಾಚಿದರು. ಸಹಿ ಬೀಳಬೇಕಾದ ಕಡೆಯೆಲ್ಲ ಪೆನ್ಸಿಲಿನಿಂದ ಸಣ್ಣ ಗುರುತು ಹಾಕಿತ್ತು. “ಇದು ಬ್ಯಾಂಕಿಗೆ ಕೊಡುವ ಪ್ರತಿ ಅಮ್ಮ, ಅದೇ ವಿಷಯ” ಎಂದರು. ಅದೇ ವಿಷಯವಂತೆ!

ಆಮೇಲೆ ಆದದ್ದು ಒಂದೇ ಏಟಿಗೆ ಆದದ್ದಲ್ಲ. ಒಟಿಪಿ ಬರುತ್ತದೆಂದು ಫೋನು ಮೈದುನನ ಮಗನ ಕೈಗೆ ಹೋಯಿತು. ಲೈನ್ ಮನೆಗಳಲ್ಲಿರುವ ತೋಟದ ಕೆಲಸದವರು ನಾನು ಏನು ಹೇಳಿದರೂ “ಅಣ್ಣನನ್ನು ಕೇಳಿ ಮಾಡುತ್ತೇವೆ” ಎನ್ನತೊಡಗಿದರು. ಜೀಪಿನ ಹುಡುಗ ಅವನ ಒಪ್ಪಿಗೆಯಿಲ್ಲದೆ ನನ್ನನ್ನು ಪೇಟೆಗೆ ಕರೆದೊಯ್ಯಲು ಹೆದರಿದ. ವ್ಯಾಪಾರಿಯ ಬಳಿ ಕಾಫಿ ಚೆರ್ರಿಯ ಔಟ್‌ಟರ್ನ್ (ಒಣಗಿದ ಹಣ್ಣಿನಿಂದ ಸಿಗುವ ಬೀಜದ ಪ್ರಮಾಣ) ಬಗ್ಗೆ ವಾದ ಮಾಡಿ ಚೀಲಕ್ಕೆ ಸರಿಯಾದ ದರ ಹಿಡಿಯುತ್ತಿದ್ದವಳು ನಾನು. ಆ ವರ್ಷ ಮೆಣಸು ಮಾರಿದ್ದು ನನಗೆ ಗೊತ್ತಾದದ್ದು ಗೋದಾಮು ಖಾಲಿಯಾದ ಮೇಲೆ.

ನಿಜ ತಿಳಿದದ್ದು ಬ್ಯಾಂಕಿನಲ್ಲಿ. ನನ್ನದೇ ಠೇವಣಿಯ ಬಗ್ಗೆ ವಿಚಾರಿಸಲು ಹೋದರೆ, ಅಲ್ಲಿದ್ದವರು ನನ್ನ ಮುಖ ನೋಡದೆ ಪಕ್ಕದಲ್ಲಿದ್ದ ಅವನನ್ನು, “ಇವರಿಗೆ ಹೇಳಿದ್ದು ಅರ್ಥವಾಗುತ್ತದೆಯೇ?” ಎಂದು ಕೇಳಿದರು. ನಾನು ಅಲ್ಲೇ ಕುಳಿತಿದ್ದೆ. ಕಡತ ತೋರಿಸಿ ಎಂದೆ. ಅದರಲ್ಲಿ ನೋಟರಿ ಮುದ್ರೆಯಿದ್ದ ‘ಪಾಲಕತ್ವ ಒಪ್ಪಿಗೆ ಪತ್ರ’ ಒಂದಿತ್ತು. ಬುದ್ಧಿ ಸ್ತಿಮಿತದಲ್ಲಿಲ್ಲದ ಕಾರಣ ನನ್ನ ದೇಹ, ವಾಸ, ಆಸ್ತಿ ಎಲ್ಲಕ್ಕೂ ಅವನೇ ಪಾಲಕನೆಂದು ಬರೆದು, ಕೆಳಗೆ ನನ್ನ ಸಹಿ. ಆ ನೋಟರಿಯ ಮುಖವನ್ನೇ ನಾನು ಕಂಡವಳಲ್ಲ. ಜಿಪಿಎಯ ದಿನಾಂಕವೂ ಅದರ ದಿನಾಂಕವೂ ಒಂದೇ. ಒಂದರಲ್ಲಿ ನಾನು ಸ್ವಸ್ಥ ಮನಸ್ಸಿನಿಂದ ಬರೆದುಕೊಟ್ಟವಳು, ಇನ್ನೊಂದರಲ್ಲಿ ಸ್ವಸ್ಥ ಮನಸ್ಸೇ ಇಲ್ಲದವಳು! ಬುದ್ಧಿಯಿಲ್ಲದವಳ ಒಪ್ಪಿಗೆ ಪತ್ರಕ್ಕೆ ಯಾವ ಬೆಲೆ, ಬುದ್ಧಿಯಿದ್ದವಳಿಗೆ ಪಾಲಕ ಏಕೆ?

ಇದನ್ನು ಕೇಳಿದಾಗ ಅವನು ಕೊಟ್ಟ ಉತ್ತರವನ್ನು ನಾನು ಮರೆಯಲಾರೆ. “ನೀವೇ ಓದಿ ಒಪ್ಪಿದ್ದು ದೊಡ್ಡಮ್ಮ, ನಿಮಗೆ ಮರೆತುಹೋಗಿದೆ.” ನಾನು ದನಿ ಏರಿಸಿದರೆ, “ನೋಡಿ, ಇತ್ತೀಚೆಗೆ ಹೀಗೇ ಸಿಟ್ಟು” ಎಂದು ಸುತ್ತಲಿನವರಿಗೆ ಸಮಜಾಯಿಷಿ. ಅತ್ತರೆ ಕಾಯಿಲೆ, ಸುಮ್ಮನಿದ್ದರೆ ಒಪ್ಪಿಗೆ. ಪತ್ರ ಬರಹಗಾರರಂತೂ, “ಎಲ್ಲ ನಿಮ್ಮ ಒಳ್ಳೆಯದಕ್ಕೇ ಅಮ್ಮ, ಮನೆ ವಿಷಯ ಮನೆಯಲ್ಲೇ ಮುಗಿಸಿಕೊಳ್ಳಿ” ಎಂದು ಫೋನಿಟ್ಟರು.

ಆ ಕಾಗದಕ್ಕೆ ಕಾನೂನಿನ ಬಲವೇ ಇಲ್ಲವೆಂದು ವಕೀಲರು ಬಿಡಿಸಿ ಹೇಳಿದರು. 1890ರ ಪಾಲಕರ ಕಾಯ್ದೆ ಅಪ್ರಾಪ್ತ ವಯಸ್ಕರಿಗೆ ಮಾತ್ರ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಬರುವ ಸೀಮಿತ ಪಾಲಕತ್ವವನ್ನು ಜಿಲ್ಲಾ ನ್ಯಾಯಾಲಯ ಅಥವಾ ಸರ್ಕಾರ ಗೊತ್ತುಪಡಿಸಿದ ಪ್ರಾಧಿಕಾರ ಕೊಡಬೇಕು, ಅದರಲ್ಲೂ ನಿರ್ಧಾರಗಳನ್ನು ಆ ವ್ಯಕ್ತಿಯ ಜೊತೆಗೂಡಿಯೇ ತೆಗೆದುಕೊಳ್ಳಬೇಕು. 2017ರ ಮಾನಸಿಕ ಆರೋಗ್ಯ ಕಾಯ್ದೆಯಂತೆ ನಾವೇ ಹೆಸರಿಸುವ ಪ್ರತಿನಿಧಿಗೆ ಚಿಕಿತ್ಸೆಯ ವಿಷಯದಲ್ಲಿ ಮಾತ್ರ ಪಾತ್ರ, ತೋಟ ಮಾರುವ ಅಧಿಕಾರವಿಲ್ಲ. ನೋಟರಿ ಯಾರನ್ನೂ ಯಾರಿಗೂ ಪಾಲಕರನ್ನಾಗಿ ಮಾಡಲಾರರು. ಮಾಡಲಾರರು ಎಂಬುದು ಆ ಪತ್ರ ಬರಹಗಾರರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಜಿಪಿಎಯನ್ನು ರದ್ದುಪತ್ರದ ಮೂಲಕ ಅದೇ ಕಚೇರಿಯಲ್ಲಿ ನೋಂದಾಯಿಸಿ ರದ್ದು ಮಾಡಿದೆ, ಬ್ಯಾಂಕಿಗೂ ಅವನಿಗೂ ಲಿಖಿತ ನೋಟಿಸು ಕೊಟ್ಟು ಸ್ವೀಕೃತಿ ಪಡೆದೆ, ಆಸ್ತಿಯ ಮೇಲೆ ಏನಾದರೂ ನಡೆದಿದೆಯೇ ಎಂದು ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿದೆ. ನೀವು ಜಿಪಿಎ ಕೊಡಲೇಬೇಕಾದರೆ ಯಾವ ಕೆಲಸಕ್ಕೆ, ಎಲ್ಲಿಯವರೆಗೆ ಎಂದು ಬರೆಸಿ. ಕಾರಿನ ಕಿಟಕಿಯಲ್ಲಿ ಸಹಿ ಹಾಕಬೇಡಿ, ಸ್ವಂತ ಅಣ್ಣನ ಮಗನಾದರೂ ಸರಿ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ, 15100ಕ್ಕೆ ಕರೆ ಮಾಡಬಹುದು. ಹಿರಿಯರ ಸಹಾಯವಾಣಿ 14567. ನನಗೆ ಇದನ್ನು ಮೊದಲೇ ಹೇಳುವವರು ಯಾರೂ ಇರಲಿಲ್ಲ, ಬುದ್ಧಿ ಹೇಳುವವರು ಮಾತ್ರ ಬಹಳ ಜನ ಇದ್ದರು.

ಜಿಪಿಎ ಪಡೆದು ಏಜೆಂಟನಾದವನು ಕೇಳಿದಾಗ ಲೆಕ್ಕ ಕೊಡಬೇಕೆಂದು ಕರಾರು ಕಾಯ್ದೆಯೇ ಹೇಳುತ್ತದೆ. ಮೆಣಸಿನ ಲೆಕ್ಕ ಕೇಳಿದ್ದಕ್ಕೆ, “ದೊಡ್ಡಮ್ಮನ ತಲೆಯಲ್ಲಿ ಯಾರೋ ಇದನ್ನೆಲ್ಲ ತುಂಬಿದ್ದಾರೆ, ಆರೋಗ್ಯ ಸುಧಾರಿಸಲಿ, ಆಮೇಲೆ ಮಾತನಾಡೋಣ” ಎಂಬ ಉತ್ತರ ಬಂದಿದೆ. ಎರಡನೆಯ ನೋಟಿಸು ವಕೀಲರ ಹೆಸರಿನಲ್ಲಿ ಹೋಗಿದೆ.