ಕುಂಡದ ದಾಸವಾಳ, ಪ್ಯಾಕೆಟ್ ಪುಡಿ, ಬಾಟಲಿ ಜೆಲ್: ಮೂರನ್ನೂ ಮುಖಕ್ಕೆ ಹಚ್ಚಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಕುಂಡದ ಹೂವಿಗೆ. ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಯ ಕಿಟಕಿ ಗ್ರಿಲ್ಲಿನಲ್ಲಿ ಒಂದು ಐದೆಸಳಿನ ಕೆಂಪು ದಾಸವಾಳ ಇದೆ, ನರ್ಸರಿಯಿಂದ 80 ರೂಪಾಯಿಗೆ ತಂದದ್ದು. ಅದು ಕಣ್ಣೆದುರೇ ಅರಳುತ್ತಿರುವಾಗ 180 ಕೊಟ್ಟು ದಾಸವಾಳದ ಪುಡಿ, 425 ಕೊಟ್ಟು ದಾಸವಾಳದ ಜೆಲ್ ತರಿಸಿಕೊಂಡೆ. ಬುದ್ಧಿ ಇಲ್ಲವಾ ಅಂತ ಕೇಳಬೇಡಿ. ಬೆಳಿಗ್ಗೆ 7:12ರ ಲೋಕಲ್ ರೈಲು ಹಿಡಿಯುವವಳಿಗೆ ಹೂವು ಅರೆಯುತ್ತ ಕೂರಲು ಪುರುಸೊತ್ತು ಎಲ್ಲಿ? ಪುಡಿ ಇದ್ದರೆ ಸುಲಭ ಅಂದುಕೊಂಡೆ.

ಪ್ಯಾಕೆಟ್ ಒಡೆದರೆ ಕಂದು ಬಣ್ಣ, ಒಣಹುಲ್ಲಿನ ವಾಸನೆ. ಅದಕ್ಕೆ ನನ್ನ ತಕರಾರಿಲ್ಲ, ಒಣಗಿದ ಹೂವು ಇನ್ನು ಹೇಗಿರುತ್ತದೆ. ತಕರಾರು ಇರುವುದು ತರಿಯ ಮೇಲೆ. ಎರಡು ಚಮಚ ಪುಡಿಗೆ ಮೊಸರು ಕಲಸಿ ಹಚ್ಚಿದೆ. ಹಚ್ಚುವಾಗ ಏನೂ ಗೊತ್ತಾಗಲಿಲ್ಲ. ಒಣಗಿದ್ದನ್ನು ಒದ್ದೆ ಕೈಯಲ್ಲಿ ತೊಳೆಯಲು ಹೋದಾಗ ಕೆನ್ನೆಗೆ ರವೆ ಹಾಕಿ ತಿಕ್ಕಿದ ಹಾಗಾಯಿತು. ಎರಡೂ ಕೆನ್ನೆ ಕೆಂಪು. ಗಂಡ ನೋಡಿ "ಪರವಾಗಿಲ್ಲ, ಗ್ಲೋ ಬಂದಿದೆ" ಅಂದರು.

ಮುಂದಿನ ವಾರ ಮೈದಾ ಜರಡಿ ತೆಗೆದೆ. ಎರಡು ಚಮಚ ಜರಡಿ ಹಿಡಿದರೆ ಮೇಲೆ ಅರ್ಧ ಚಮಚ ಉಳಿಯಿತು. ಬೆರಳಲ್ಲಿ ಹರಡಿ ನೋಡಿದೆ. ಬಿಳಿ ನಾರು, ಹಸಿರು ಮಿಶ್ರಿತ ಕಂದು ಚೂರು, ಕಡ್ಡಿಯ ತುಂಡು. ಅಂದರೆ ತೊಟ್ಟು, ನಡುವಿನ ಕೇಸರದ ಕಡ್ಡಿ ಯಾವುದನ್ನೂ ಬಿಡಿಸದೆ ಇಡೀ ಹೂವನ್ನು ಒಣಗಿಸಿ ಬೀಸಿದ್ದಾರೆ. ನಮ್ಮ ಅಮ್ಮ ದೇವರ ಹೂವು ಬಿಡಿಸುವಾಗಲೂ ಇದಕ್ಕಿಂತ ಜಾಸ್ತಿ ನೋಡುತ್ತಾರೆ.

ಸರಿ, ನೆನೆಸಿದರೆ ಮೆತ್ತಗಾಗಬಹುದು ಅಂತ ಅರ್ಧ ಗಂಟೆ ನೀರಿನಲ್ಲಿಟ್ಟೆ. ಲೋಳೆ ಬಂತು, ಸುಳ್ಳು ಹೇಳಬಾರದು. ಹಳೇ ಪಂಚೆಯ ತುಂಡಿನಲ್ಲಿ ಸೋಸಲು ಹೋದೆ. ಲೋಳೆ ಬಟ್ಟೆಯ ಕಣ್ಣುಗಳನ್ನೇ ಮುಚ್ಚಿಬಿಟ್ಟಿತು. ಹಿಂಡಿದರೆ ಲೋಳೆಯೂ ಬಟ್ಟೆಯಲ್ಲಿ, ತರಿಯೂ ಬಟ್ಟೆಯಲ್ಲಿ. ಕೆಳಗೆ ಇಳಿದದ್ದು ಬರೀ ಬಣ್ಣದ ನೀರು. ಅಷ್ಟರಲ್ಲಿ ಇಪ್ಪತ್ತು ನಿಮಿಷ ಹೋಗಿತ್ತು. ಸಮಯ ಉಳಿಸಲು ತಂದ ಪುಡಿ ಇದು!

ಇಷ್ಟಕ್ಕೇ ಮುಗಿಯಲಿಲ್ಲ. ಮುಖ ಒರೆಸಿದ ಬಿಳಿ ಟವೆಲ್ ಮೇಲೆ ಕೆನ್ನೀಲಿ ಕಲೆ. ಡಿಟರ್ಜೆಂಟ್ ಹಾಕಿದ್ದೇ ತಡ, ಕಲೆ ಹಸಿರಿಗೆ ತಿರುಗಿತು. ನಾನು ಗಾಬರಿಯಾದರೆ ಮಗಳು ನಗುತ್ತಿದ್ದಳು. "ಅಮ್ಮಾ, ಇದು ಇಂಡಿಕೇಟರ್, ನಮಗೆ ಸೈನ್ಸ್‌ನಲ್ಲಿ ಇದೆ." ದಾಸವಾಳದ ಬಣ್ಣಕ್ಕೆ ಹುಳಿ ಬಿದ್ದರೆ ಗಾಢ ಗುಲಾಬಿ, ಸೋಪಿನಂಥ ಕ್ಷಾರ ಬಿದ್ದರೆ ಹಸಿರು. ತಾಜಾ ಹೂವೂ ಹೀಗೇ ಮಾಡುತ್ತದೆ, ಅದು ಪುಡಿಯ ತಪ್ಪಲ್ಲ. ಆದರೆ ಜುಲೈ ತಿಂಗಳ ಡೊಂಬಿವಲಿಯಲ್ಲಿ ಎರಡೆರಡು ಸಲ ಒಗೆದ ಟವೆಲ್ ಒಣಗಲು ಮೂರು ದಿನ. ಆ ಸಿಟ್ಟು ಪುಡಿಯ ಮೇಲೇ ಹೋಯಿತು.

ಜೆಲ್ ಬಗ್ಗೆ ಹೇಳುವುದು ಕಡಿಮೆ. ತಣ್ಣಗಿದೆ, ಕಲೆಯಿಲ್ಲ, ಕೆಲಸವಿಲ್ಲ. ಬಾಟಲಿಯ ಹಿಂದೆ ಓದಿದೆ. ಯಾವುದು ಜಾಸ್ತಿ ಇದೆಯೋ ಅದು ಪಟ್ಟಿಯಲ್ಲಿ ಮೊದಲು ಬರುತ್ತದೆ ಅಲ್ವಾ? ನೀರು ಮೊದಲು, ದಾಸವಾಳ ಸುಗಂಧಕ್ಕಿಂತಲೂ ಕೆಳಗೆ. ಮುಂದೆ ಮಾತ್ರ ಹೂವಿನ ಚಿತ್ರ ಅಂಗೈಯಗಲ.

ಇನ್ನು ನನ್ನ ಕುಂಡ. ನನ್ನ ತವರು ಮಲೆನಾಡಿನ ಸಾಗರದ ಕಡೆ. ಅಲ್ಲಿ ದಾಸವಾಳದ ಎಲೆ ಕಿವುಚಿ ಗೊಂಪು, ಅಂದರೆ ಲೋಳೆ, ಮಾಡಿ ತಲೆಗೆ ಹಾಕುವುದು ವಾರದ ಕೆಲಸ. ಮುಖಕ್ಕೂ ನನಗೆ ಬೇಕಾದದ್ದು ಆ ಗೊಂಪೇ. ನಾಲ್ಕು ಹೂವಿನ ಎಸಳು ಮಾತ್ರ ಕಿತ್ತು, ತೊಟ್ಟು ಮತ್ತು ಪರಾಗದ ಕಡ್ಡಿ ಬಿಸಾಡಿ, ಒಂದು ಚಮಚ ಮೊಸರಿನಲ್ಲಿ ಬೆರಳಿಂದಲೇ ಕಿವುಚುತ್ತೇನೆ. ಮಿಕ್ಸಿ ಬೇಡ. ಎರಡು ನಿಮಿಷಕ್ಕೆ ಎಸಳು ಕರಗಿ, ಬೆರಳು ಎತ್ತಿದರೆ ನೂಲಿನ ಹಾಗೆ ಎಳೆ ಬರುತ್ತದೆ. ಹದಿನೈದು ನಿಮಿಷ ಬಿಟ್ಟು ತೊಳೆದರೆ ಒಂದು ತರಿಯೂ ಇಲ್ಲ. ದಿನವಿಡೀ ಎಸಿಯಲ್ಲಿ ಕೂತು ಬಿಗಿದ ಚರ್ಮ ಮೆತ್ತಗಾಗುತ್ತದೆ. ಉಳಿದರೆ ಇಟ್ಟುಕೊಳ್ಳುವುದಿಲ್ಲ, ಬೇಗ ಕೆಡುತ್ತದೆ. ಮೊದಲ ಸಲ ಅಲರ್ಜಿ ಆಗುತ್ತದಾ ಅಂತ ಮೊಣಕೈ ಒಳಗೆ ಹಚ್ಚಿ ಒಂದು ದಿನ ಕಾದಿದ್ದೆ, ನೀವೂ ಕಾಯಿರಿ.

ಮೆತ್ತಗಾಗುತ್ತದೆ, ಅಷ್ಟೇ. ಬಣ್ಣ ಬಿಳಿಯಾಗಲಿಲ್ಲ, ಹಣೆಯ ಗೆರೆ ಹೋಗಲಿಲ್ಲ. ದಾಸವಾಳವನ್ನು ಸುಕ್ಕು ತೆಗೆಯುವ ಇಂಜೆಕ್ಷನ್‌ಗೆ ಹೋಲಿಸಿ "ಬೊಟಾಕ್ಸ್ ಗಿಡ" ಅಂತ ಬರೆಯುವವರನ್ನು ನೋಡಿದರೆ ನಗು ಬರುತ್ತದೆ. ದಾಸವಾಳದಲ್ಲಿರುವ ಹಣ್ಣಿನ ಆಮ್ಲ ಸತ್ತ ಚರ್ಮ ತೆಗೆಯುತ್ತದೆ ಅನ್ನುವ ಮಾತು ಹೆಚ್ಚಾಗಿ ಹೊಂದುವುದು ರೋಸೆಲ್‌ಗೆ. ಅದು ಪುಂಡಿ ಸೊಪ್ಪಿನ ಬಳಗದ್ದು, ಕೆಂಪು ಚಹಾ ಮಾಡುತ್ತಾರಲ್ಲ, ಆ ಹುಳಿಯದ್ದು. ನಮ್ಮ ಅಂಗಳದ ದಾಸವಾಳ ಬೇರೆ.

ಗಿಡಕ್ಕೂ ಕಾಟ ಇದೆ. ಬಿಳಿ ಹಿಟ್ಟು ತಿಗಣೆ ಬಂದರೆ ಬೇವಿನೆಣ್ಣೆ ಹೊಡೆಯುತ್ತೇನೆ, ಆ ವಾರದ ಹೂವು ಮುಖಕ್ಕಿಲ್ಲ. ಮುಂಬೈಯ ದಾದರ್ ಹೂವಿನ ಮಾರುಕಟ್ಟೆಯಿಂದ ತರಬಹುದು, ಆದರೆ ಅದಕ್ಕೆ ಏನು ಔಷಧಿ ಹೊಡೆದಿದ್ದಾರೋ ಯಾರಿಗೆ ಗೊತ್ತು. ದೇವರಿಗಾದರೆ ಸರಿ, ಕೆನ್ನೆಗೆ ಬೇಡ.

ದಿನಾ ಹಚ್ಚುವವರಿಗೆ, ಗಿಡ ಇಡಲು ಜಾಗ ಇಲ್ಲದವರಿಗೆ ಜೆಲ್ಲೇ ಗತಿ. ಪುಡಿ ಯಾರಿಗೂ ಹೇಳಲಾರೆ. ನನ್ನದು ಭಾನುವಾರಕ್ಕೊಮ್ಮೆ, ಹಾಗಾಗಿ ಕುಂಡ ಸಾಕು. ಒಂದೇ ತೊಡಕು, ಹೂವು ಅರಳಿದ ದಿನವೇ ಮುದುಡುತ್ತದೆ, ಮತ್ತು ಪಕ್ಕದ ಮನೆಯ ಮರಾಠಿ ಕಾಕೂಗೆ (ಚಿಕ್ಕಮ್ಮನಿಗೆ) ಗಣಪತಿಗೆ ಕೆಂಪು ಜಾಸ್ವಂದವೇ, ಅಂದರೆ ದಾಸವಾಳವೇ, ಆಗಬೇಕು. ಮಂಗಳವಾರ, ಸಂಕಷ್ಟಿ ಅವರಿಗೆ, ಭಾನುವಾರ ನನಗೆ ಅಂತ ಒಪ್ಪಂದವಾಗಿದೆ. ಸಂಕಷ್ಟಿ ಭಾನುವಾರವೇ ಬಂದರೆ ನಾನು ಎಲೆಯ ಗೊಂಪಿನಲ್ಲೇ ಸುಧಾರಿಸಿಕೊಳ್ಳುತ್ತೇನೆ.