ಪಾಲುದಾರಿಕೆ ಬಿಡುವವರು ಬಿಟ್ಟದ್ದನ್ನು ನಾಲ್ಕು ಜನಕ್ಕೆ ತಿಳಿಸಿಯೇ ಬಿಡಿ: ಗಂಜ್‌ನಲ್ಲಿ ನನಗಾದ ಅನುಭವ

ಕಲಬುರಗಿಯ ಧಾನ್ಯದ ಸಗಟು ಮಾರುಕಟ್ಟೆಯಾದ ನೆಹರು ಗಂಜ್‌ನಲ್ಲಿದ್ದ ಒಂದು ಅಡತಿ ಅಂಗಡಿಯಲ್ಲಿ (ರೈತರ ಮಾಲನ್ನು ಕಮಿಷನ್ ಮೇಲೆ ಮಾರಿಸಿಕೊಡುವ ಅಂಗಡಿ) ನಾನು ನಾಲ್ಕು ವರ್ಷ ಪಾಲುದಾರನಾಗಿದ್ದೆ. ರೂಪಾಯಿಗೆ ಅರವತ್ತು ಪೈಸೆ ಅವರದು, ನಲವತ್ತು ಪೈಸೆ ನನ್ನದು ಎಂದು ಪತ್ರ ಬರೆದುಕೊಂಡು, ಸಂಸ್ಥೆಯನ್ನು ಕ್ರಮವಾಗಿ ನೋಂದಾಯಿಸಿ 2017ರಲ್ಲಿ ಆರಂಭಿಸಿದ ತೊಗರಿ ವ್ಯವಹಾರ ಅದು. 2021ರ ದೀಪಾವಳಿಯ ಹೊತ್ತಿಗೆ ಲೆಕ್ಕ ಚುಕ್ತಾ ಮಾಡಿ, ನನ್ನ ಪಾಲಿನ ಹಣ ಪಡೆದು, ‘ಇನ್ನು ಮುಂದಿನ ಯಾವ ಸಾಲಕ್ಕೂ ನಾನು ಹೊಣೆಯಲ್ಲ’ ಎಂದು ಛಾಪಾ ಕಾಗದದ ಮೇಲೆ ಬರೆಸಿ ಇಬ್ಬರೂ ಸಹಿ ಹಾಕಿದೆವು. ಅಲ್ಲಿಗೆ ಎಲ್ಲವೂ ಮುಗಿಯಿತೆಂದು ನಾನು ನಂಬಿದ್ದೆ. ಆ ನಂಬಿಕೆಯೇ ಇಂದು ನನ್ನನ್ನು ನ್ಯಾಯಾಲಯಕ್ಕೆ ಅಲೆಸುತ್ತಿದೆ.

ಪತ್ರಿಕೆಯಲ್ಲಿ ಪ್ರಕಟಣೆ ಕೊಡೋಣವೇ ಎಂದು ನಾನು ಆಗ ಕೇಳದೆ ಇರಲಿಲ್ಲ. ಪಾಲುದಾರರು ನನಗಿಂತ ಹಿರಿಯರು, ಅವರನ್ನು ಅಣ್ಣಾ ಎಂದೇ ಕರೆಯುತ್ತಿದ್ದೆ. “ಕಾಗದ ಮಾಡೀವಲ್ಲೋ ತಮ್ಮಾ, ಮತ್ಯಾಕ ಪೇಪರಿಗೆ ಹಾಕಬೇಕು? ದುಕಾನ ಮುಳುಗ್ತದ ಅಂತ ಮಂದಿ ತಿಳ್ಕೊಂತಾರ” ಎಂದರು. ಗಂಜ್‌ನಲ್ಲಿ ಉದ್ರಿ ವ್ಯವಹಾರವೆಲ್ಲ ಹೆಸರಿನ ಮೇಲೆ ನಡೆಯುವುದರಿಂದ ಅವರ ಮಾತು ಸರಿಯೆನ್ನಿಸಿತು, ನಾನು ಸುಮ್ಮನಾದೆ. ಅಂಗಡಿಯ ಬೋರ್ಡು ಹಾಗೆಯೇ ಉಳಿಯಿತು, ನನ್ನ ಹೆಸರು ಅಚ್ಚಾಗಿದ್ದ ಪಟ್ಟಿ (ಬಿಲ್ಲು) ಪುಸ್ತಕಗಳು ತೀರಲಿಲ್ಲ, ನಮ್ಮಿಬ್ಬರ ಪರವಾಗಿ ಮಾಲು ಹಿಡಿಯುತ್ತಿದ್ದ ಗುಮಾಸ್ತರಾದ ಮುನೀಮರೂ ಅದೇ ಗಾದಿಯ ಮೇಲೆ ಕುಳಿತಿದ್ದರು.

2023ರ ಬೇಸಿಗೆಯಲ್ಲಿ ಅಂಗಡಿಗೆ ಬೀಗ ಬಿದ್ದ ವಾರವೇ ಜೇವರ್ಗಿ ಕಡೆಯ ಒಬ್ಬ ಹಿರಿಯ ರೈತರು ನನ್ನ ಮನೆ ಹುಡುಕಿಕೊಂಡು ಬಂದರು. ಅಂಗಿಯ ಒಳಜೇಬಿನಿಂದ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ್ದ ಪಟ್ಟಿಯನ್ನು ತೆಗೆದು, ಮಡಿಕೆ ಬಿಡಿಸಿ ನನ್ನ ಮುಂದಿಟ್ಟರು. ಮೂವತ್ತೆರಡು ಚೀಲ ತೊಗರಿ, ಕೆಳಗೆ ಮುನೀಮರ ಸಹಿ, ಮೇಲೆ ದಪ್ಪ ಅಕ್ಷರದಲ್ಲಿ ಇಬ್ಬರು ಪಾಲುದಾರರ ಹೆಸರು. ನಾನು ಬಿಟ್ಟು ಒಂದೂವರೆ ವರ್ಷವಾಯಿತೆಂದು ಹೇಳಿದಾಗ ಅವರು, “ಸಾವ್ಕಾರ್ರೀ, ನಿಮ್ಮ ಮಾರಿ ನೋಡಿ ಮಾಲ್ ಬಿಟ್ಟೀನ್ರಿ. ಬಿಟ್ಟೀರಿ ಅಂತ ನಮಗ ಯಾರ್ ಹೇಳ್ಯಾರ್ರೀ?” ಎಂದು ಕೇಳಿದರು.

ವಕೀಲರ ಬಳಿ ಹೋದಾಗ ಅವರೂ ಮೊದಲು ಕೇಳಿದ್ದು ಇದನ್ನೇ. 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ 18ನೇ ಕಲಮಿನ ಪ್ರಕಾರ ಸಂಸ್ಥೆಯ ವ್ಯವಹಾರದ ಮಟ್ಟಿಗೆ ಪ್ರತಿಯೊಬ್ಬ ಪಾಲುದಾರನೂ ಸಂಸ್ಥೆಯ ಏಜೆಂಟ್ (ಪ್ರತಿನಿಧಿ), ಅವನು ಆಡಿದ ಮಾತು ಉಳಿದವರನ್ನೂ ಕಟ್ಟುತ್ತದೆ. ನಿವೃತ್ತನಾದ ಪಾಲುದಾರ ಸಾರ್ವಜನಿಕ ಪ್ರಕಟಣೆ ಕೊಡುವವರೆಗೂ ಹೊರಗಿನವರ ಪಾಲಿಗೆ ಪಾಲುದಾರನಂತೆಯೇ ಹೊಣೆಗಾರನಾಗಿ ಉಳಿಯುತ್ತಾನೆಂದು 32ನೇ ಕಲಮು ಹೇಳುತ್ತದೆ. ಆ ಪ್ರಕಟಣೆ ಹೇಗಿರಬೇಕೆಂಬುದು 72ನೇ ಕಲಮಿನಲ್ಲಿದೆ: ನೋಂದಾಯಿತ ಸಂಸ್ಥೆಯಾದರೆ ಸಂಸ್ಥೆಗಳ ರಿಜಿಸ್ಟ್ರಾರ್ ಅವರಿಗೆ ಸೂಚನೆ ಕೊಡಬೇಕು, ರಾಜ್ಯಪತ್ರದಲ್ಲಿ (ಸರ್ಕಾರಿ ಗೆಜೆಟ್) ಪ್ರಕಟಿಸಬೇಕು, ಜೊತೆಗೆ ಸಂಸ್ಥೆ ಇರುವ ಜಿಲ್ಲೆಯಲ್ಲಿ ಓದುಗರಿರುವ ಕನಿಷ್ಠ ಒಂದು ದೇಶಭಾಷಾ ಪತ್ರಿಕೆಯಲ್ಲೂ ಪ್ರಕಟಿಸಬೇಕು. ನೋಂದಣಿಯಿಲ್ಲದ ಸಂಸ್ಥೆಗೂ ರಾಜ್ಯಪತ್ರ ಮತ್ತು ಪತ್ರಿಕೆ ತಪ್ಪುವುದಿಲ್ಲ. ಈ ಮೂರರಲ್ಲಿ ಒಂದನ್ನೂ ನಾನು ಮಾಡಿರಲಿಲ್ಲ.

ನನ್ನ ಪಾಲು ನಲವತ್ತು ಪೈಸೆಯಾದ್ದರಿಂದ ಸಾಲದಲ್ಲೂ ಅಷ್ಟೇ ನನ್ನ ಮೇಲೆ ಬರುತ್ತದೆಂದು ಲೆಕ್ಕ ಹಾಕಿದ್ದೆ. ಅದೂ ತಪ್ಪಾಗಿತ್ತು. 25ನೇ ಕಲಮಿನಂತೆ ಹೊಣೆ ಒಟ್ಟಾಗಿಯೂ ಬಿಡಿಬಿಡಿಯಾಗಿಯೂ ಇರುತ್ತದೆ, ಅಂದರೆ ಸಾಲ ಕೊಟ್ಟವನು ಪೂರ್ಣ ಮೊತ್ತವನ್ನು ಯಾರೊಬ್ಬನಿಂದಲಾದರೂ ವಸೂಲು ಮಾಡಬಹುದು. ನಲವತ್ತು–ಅರವತ್ತು ಎಂಬುದು ನಮ್ಮಿಬ್ಬರ ನಡುವಿನ ಮಾತಾಯಿತೇ ಹೊರತು ರೈತರಿಗಾಗಲಿ ಗೋಣಿಚೀಲದ ವ್ಯಾಪಾರಿಗಾಗಲಿ ಅದರಿಂದ ಏನೂ ಆಗಬೇಕಿಲ್ಲ.

ನಾನು ಬರೆಸಿಕೊಂಡ ಛಾಪಾ ಕಾಗದಕ್ಕೆ ಬೆಲೆಯೇ ಇಲ್ಲವೆಂದಲ್ಲ. ನಾನು ಕಟ್ಟಿದ್ದನ್ನು ಪಾಲುದಾರರಿಂದ ಮರಳಿ ಕೇಳಲು ಅದೇ ಆಧಾರ. ಆದರೆ ಅಷ್ಟರಲ್ಲಿ ಅವರು 1920ರ ಪ್ರಾಂತೀಯ ದಿವಾಳಿ ಕಾಯ್ದೆಯಡಿ ಅರ್ಜಿ ಹಾಕಿ ದಿವಾಳಿ ಎಂದು ಘೋಷಿಸಿಕೊಂಡರು. ಹಾಗೆ ಘೋಷಣೆಯಾದ ಮೇಲೆ ಆಸ್ತಿ ನ್ಯಾಯಾಲಯದ ಅಥವಾ ರಿಸೀವರರ (ಆಸ್ತಿ ನೋಡಿಕೊಳ್ಳಲು ನೇಮಕವಾದವರ) ಕೈಗೆ ಹೋಗುತ್ತದೆ, ನ್ಯಾಯಾಲಯದ ಅನುಮತಿಯಿಲ್ಲದೆ ಸಾಲ ಕೊಟ್ಟವರು ಅವರ ಮೇಲೆ ಹೊಸ ದಾವೆ ಹೂಡುವಂತಿಲ್ಲ. ಹೀಗಾಗಿ ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು, ನಾನೋ ಅವರಿಂದ ಹಣ ಬರಬೇಕಾದವರ ಸಾಲಿನಲ್ಲಿ ಕೊನೆಗೆ ಹೋಗಿ ನಿಂತೆ.

ಮುನೀಮರ ವಿಷಯವನ್ನು ಬಹಳ ಜನ ಗಮನಿಸುವುದಿಲ್ಲವಾದ್ದರಿಂದ ಇಲ್ಲಿ ಹೇಳಲೇಬೇಕು. 1872ರ ಕರಾರು ಕಾಯ್ದೆಯ 208ನೇ ಕಲಮಿನ ಪ್ರಕಾರ ಏಜೆಂಟನ ಅಧಿಕಾರವನ್ನು ಹಿಂತೆಗೆದುಕೊಂಡರೂ, ಹೊರಗಿನವರಿಗೆ ಅದು ಗೊತ್ತಾಗುವವರೆಗೆ ಅವರ ಮಟ್ಟಿಗೆ ಅಧಿಕಾರ ಮುಂದುವರಿದಂತೆಯೇ. ಖರೀದಿಗೆ ಕಳಿಸುತ್ತಿದ್ದ ನೌಕರನನ್ನು ಕೆಲಸದಿಂದ ಬಿಡಿಸಿದ ಮೇಲೆ ಅವನು ನಿಮ್ಮ ಹೆಸರಿನಲ್ಲಿ ಹಳೆಯ ಗಿರಾಕಿಗಳಿಂದ ಮಾಲು ತಂದರೂ ನೀವು ತೊಂದರೆಗೆ ಸಿಲುಕುತ್ತೀರಿ. ಬಿಡಿಸಿದ ದಿನವೇ ವ್ಯವಹಾರವಿರುವ ಎಲ್ಲರಿಗೂ ಬರಹದಲ್ಲಿ ತಿಳಿಸಿ, ಪಟ್ಟಿ ಪುಸ್ತಕವನ್ನೂ ಮೊಹರನ್ನೂ ಅವನಿಂದ ವಾಪಸು ಪಡೆಯಿರಿ.

ಜಿಎಸ್‌ಟಿಯದು ಬೇರೆಯೇ ಕಟ್ಟಳೆ. 2017ರ ಕೇಂದ್ರ ಜಿಎಸ್‌ಟಿ ಕಾಯ್ದೆಯ 90ನೇ ಕಲಮಿನಂತೆ ನಿವೃತ್ತಿಯ ದಿನಾಂಕವನ್ನು ಒಂದು ತಿಂಗಳೊಳಗೆ ಆಯುಕ್ತರಿಗೆ ಬರಹದಲ್ಲಿ ತಿಳಿಸದಿದ್ದರೆ, ತಿಳಿಸಿದ ದಿನದವರೆಗಿನ ತೆರಿಗೆಗೂ ಹೊಣೆ ಉಳಿಯುತ್ತದೆ. ಬ್ಯಾಂಕಿನ ಸಾಲಕ್ಕೆ ವೈಯಕ್ತಿಕ ಜಾಮೀನು ಹಾಕಿದ್ದರೆ ಅದನ್ನು ಪ್ರತ್ಯೇಕವಾಗಿಯೇ ಹಿಂಪಡೆಯಬೇಕು, ಪಾಲುದಾರಿಕೆ ಬಿಟ್ಟ ಮಾತ್ರಕ್ಕೆ ಅದು ಬಿಡುವುದಿಲ್ಲ.

ಸಂಸ್ಥೆಯ ಹೆಸರಿನ ದಾವೆಯಲ್ಲಿ ನಿಮಗೆ ಪಾಲುದಾರರೆಂದು ಸಮನ್ಸ್ ಬಂದರೆ, ‘ನಾನು ಬಿಟ್ಟವನು, ನನಗೇನು ಸಂಬಂಧ’ ಎಂದು ಪಕ್ಕಕ್ಕಿಡಬೇಡಿ. ಹಾಗೆ ಜಾರಿಯಾಗಿಯೂ ಹಾಜರಾಗದವರ ಸ್ವಂತ ಆಸ್ತಿಯ ಮೇಲೂ ಡಿಕ್ರಿ (ನ್ಯಾಯಾಲಯದ ತೀರ್ಪಿನ ಆದೇಶ) ಜಾರಿ ಮಾಡಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದಲ್ಲಿ ಅವಕಾಶವಿದೆ. ನಾನು ಹಾಜರಾದದ್ದರಿಂದಲೇ ಒಂದು ದಾವೆಯಲ್ಲಿ ವಾದಕ್ಕೆ ಎಡೆ ಸಿಕ್ಕಿದೆ. ನಾನು ಬಿಟ್ಟ ಮೇಲೆ ಫೋನಿನಲ್ಲೇ ವ್ಯವಹಾರ ಆರಂಭಿಸಿದ ಸೊಲ್ಲಾಪುರದ ವ್ಯಾಪಾರಿಯೊಬ್ಬರಿಗೆ ನಾನು ಪಾಲುದಾರನಾಗಿದ್ದೆ ಎಂಬುದೇ ಗೊತ್ತಿರಲಿಲ್ಲ. ಹಾಗೆ ಗೊತ್ತಿಲ್ಲದೆ ವ್ಯವಹರಿಸಿದವರಿಗೆ ನಿವೃತ್ತ ಪಾಲುದಾರ ಹೊಣೆಯಲ್ಲವೆಂದು 32ನೇ ಕಲಮೇ ಹೇಳುತ್ತದೆ.

ಜೇವರ್ಗಿಯ ಆ ರೈತರ ಮೇಲೆ ವಾದ ಹೂಡಲು ನನಗೆ ಮನಸ್ಸಾಗಲಿಲ್ಲ. ಮನೆಯ ಪಕ್ಕದ ನಿವೇಶನ ಮಾರಿ ಅವರ ಹಣ ಕೊಟ್ಟೆ. ಅದೇ ಪಟ್ಟಿಯ ಹಿಂಬದಿಯಲ್ಲಿ ‘ಹಣ ಪೂರ್ತಿ ಮುಟ್ಟಿದೆ’ ಎಂದು ಬರೆಸಿ, ಅವರ ಸಹಿಯ ಜೊತೆಗೆ ಇಬ್ಬರು ಸಾಕ್ಷಿಗಳ ಸಹಿಯನ್ನೂ ಪಡೆದು, ದಿವಾಳಿ ಪ್ರಕರಣದಲ್ಲಿ ನನ್ನ ಬಾಕಿಯನ್ನು ರುಜುವಾತು ಮಾಡುವುದಕ್ಕೆಂದು ವಕೀಲರಿಗೆ ಒಪ್ಪಿಸಿದ್ದೇನೆ.